ಆ ಕಡೆಯಿಂದ ತಗೊಳ್ಳಿ

ನಮ್ಮ ಬೀದಿಯ ಹುಡುಗರು ಅವರಿಗೆ ಅಗಲರಾಯರು ಅಂತ ಹೆಸರಿಟ್ಟು ವರ್ಷಗಳೇ ಆದವು. ಮೈಕಟ್ಟಿಗೂ ಹೆಸರಿಗೂ ಸಂಬಂಧವಿಲ್ಲ. ಮನುಷ್ಯ ಬಾಳಕದ ಮೆಣಸಿನಕಾಯಿ ಹಾಗೆ ಒಣಕಲು. ಆದರೆ ರಸ್ತೆ ಅಗಲವಾಗಬೇಕು ಅನ್ನುವುದೊಂದೇ ಅವರ ಜಪ. ಬೆಳಗಿನ ಕಾಫಿಯ ಲೋಟ ಹಿಡಿದೇ ಗೇಟಿಗೆ ಬರುತ್ತಾರೆ. ನೀರಿನ ಟ್ಯಾಂಕರು, ಸ್ಕೂಲ್ ವ್ಯಾನು, ತರಕಾರಿ ಗಾಡಿ ಮೂರೂ ಮೂತಿಗೆ ಮೂತಿ ಕೊಟ್ಟು ನಿಂತದ್ದನ್ನು ಕ್ರಿಕೆಟ್ ಪಂದ್ಯದಂತೆ ಸವಿಯುತ್ತಾರೆ.

"ಇನ್ನೂ ಎಂಟಡಿ ಬೇಕು ಸ್ವಾಮಿ ಈ ರಸ್ತೆಗೆ."

"ಎಲ್ಲಿಂದ ತರೋದು ರಾಯರೇ?"

ಲೋಟ ಹಿಡಿದ ಕೈ ಎತ್ತಿ ತೋರಿಸುತ್ತಾರೆ. "ಆ ಕಡೆಯಿಂದ ತಗೊಳ್ಳಿ!"

ಆ ಕಡೆ ಅಂದರೆ ನಮ್ಮ ಮನೆ.

ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಓದಿಕೊಂಡಿದ್ದಾರೆ. ಒಂದು ಲೇನಿಗೆ ಮೂರೂವರೆ ಮೀಟರು, ಪಾದಚಾರಿ ಮಾರ್ಗಕ್ಕೆ ಕಡಿಮೆಯೆಂದರೂ 1.8 ಮೀಟರು, ಇದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ್ದು ಅನ್ನುತ್ತಾರೆ. ಹಾಲಿನ ಹುಡುಗ ಒಮ್ಮೆ "ಅದ್ಯಾವ ಬಣ ಸಾರ್?" ಅಂತ ಕೇಳಿಬಿಟ್ಟ. ಅದು ಪಕ್ಷವಲ್ಲ, 1934ರಲ್ಲೇ ಹುಟ್ಟಿದ ರಸ್ತೆ ಎಂಜಿನಿಯರುಗಳ ಸಂಸ್ಥೆ ಅಂತ ವಿವರಿಸುವಷ್ಟರಲ್ಲಿ ಅವನ ಕ್ಯಾನಿನ ಹಾಲು ಮೊಸರಾಗುವುದಷ್ಟೇ ಬಾಕಿ.

ನಮ್ಮ ರಸ್ತೆ ಕಾಗದದ ಮೇಲೆ 40 ಅಡಿ. ಎರಡು ಲೇನಿಗೆ 23 ಅಡಿ, ಎರಡು ಬದಿಯ ನಡಿಗೆಗೆ ತಲಾ 6 ಅಡಿ ಕಳೆದರೂ ಇನ್ನೂ 5 ಅಡಿ ಉಳಿಯಬೇಕು. ಉಳಿದದ್ದು ಎಲ್ಲಿ ಹೋಯಿತು? ರಾಯರ ಗೇಟಿನಿಂದ ಇಳಿಜಾರಾಗಿ ರಸ್ತೆಗೆ ಚಾಚಿದ ಸಿಮೆಂಟಿನ ನಾಲಗೆ ನೋಡಿ. ಅದರ ಪಕ್ಕ ದಾಸವಾಳದ ಕುಂಡಗಳು ಏಳು. ಕುಂಡಗಳನ್ನು ಕಾಯಲು ಸುಣ್ಣ ಬಳಿದ ಮೂರು ಕಲ್ಲು. ಕಲ್ಲುಗಳ ಆಚೆ, ವರ್ಷಕ್ಕೆರಡು ಸಲ ಆಯುಧಪೂಜೆಗೂ ಬೀಗರ ಮನೆಗೂ ಹೊರಡುವ, ಮುಸುಕು ಹೊದ್ದ ಕಾರು. ಅದರ ಮುಂದೆ 'ನೋ ಪಾರ್ಕಿಂಗ್' ಹಲಗೆ. ಮೂಲೆಮನೆಯ ಅಜ್ಜಿ ದೇವಸ್ಥಾನಕ್ಕೆ ಹೋಗುವಾಗ ಇಷ್ಟನ್ನೂ ಪ್ರದಕ್ಷಿಣೆ ಹಾಕಿ ರಸ್ತೆಯ ನಟ್ಟನಡುವೆ ಬರುತ್ತಾರೆ. ಬೈಕಿನವನು ಗಕ್ಕನೆ ಬ್ರೇಕು ಹಾಕುತ್ತಾನೆ. "ನೋಡಿದ್ರಾ? ರಸ್ತೆ ಕಿರಿದಾದ್ರೆ ವಯಸ್ಸಾದವರ ಗತಿ!" ರಾಯರು ಕುಂಡಕ್ಕೆ ನೀರು ಹಾಕುತ್ತಲೇ ಮರುಗುತ್ತಾರೆ.

ಅವರ ಬ್ರಹ್ಮಾಸ್ತ್ರ ಹ್ಯೂಸ್ಟನ್. ಮಗ ಅಲ್ಲಿದ್ದಾನೆ. ಆರು ತಿಂಗಳು ಇದ್ದು ಬಂದ ರಾಯರ ಫೋನಿನಲ್ಲಿ ಮೊಮ್ಮಗುವಿನ ಫೋಟೋಗಿಂತ ಕೇಟಿ ಫ್ರೀವೇಯ ಫೋಟೋಗಳೇ ಹೆಚ್ಚು. "ಪಕ್ಕದ ರಸ್ತೆಗಳೂ ಸೇರಿ 26 ಲೇನು ಸ್ವಾಮಿ, ಇಪ್ಪತ್ತಾರು! 2008ರಲ್ಲಿ ಮುಗಿಸಿದ್ರು."

ಅವರ ಮನೆಯಾಕೆ ಸೊಪ್ಪು ಬಿಡಿಸುತ್ತ ಅಂದರು: "ನಮ್ಮ ಹುಡುಗ ಫೋನ್ ಮಾಡೋದೇ ಅಲ್ಲಿ ಕಾರು ನಿಂತಾಗ. ದಿನಾ ಮುಕ್ಕಾಲು ಗಂಟೆ ಮಾತಾಡ್ತಾನೆ, ಪಾಪ."

ಈ ನಡುವೆ ಎರಡೂ ಸಾಲಿನಿಂದ ನಾಲ್ಕು ನಾಲ್ಕಡಿ ಹೋಗುತ್ತದಂತೆ ಎಂಬ ಸುದ್ದಿ ಹಬ್ಬಿತು. ರಾಯರು ಒಂದು ರಾತ್ರಿ ನಿದ್ದೆಗೆಟ್ಟರು. ಮರುದಿನ ಮುಖ ಅರಳಿತ್ತು. ಟಿಡಿಆರ್! 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಅವರಿಗೆ ಬಾಯಿಪಾಠ. ನೆಲ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಹಕ್ಕುಪತ್ರ. ಅದನ್ನಿಟ್ಟುಕೊಂಡು ಬೇರೆಡೆ ಹೆಚ್ಚು ಕಟ್ಟಬಹುದು, ಇಲ್ಲವೇ ಮಾರಬಹುದು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳಿಗಾಗಿ ಬೇಕಾದ ಅರಮನೆ ಮೈದಾನದ 15 ಎಕರೆ ಚಿಲ್ಲರೆಗೆ ಟಿಡಿಆರ್ ಮೊತ್ತ 3,000 ಕೋಟಿ ದಾಟಿತೆಂದು ಸರ್ಕಾರವೇ ಗಾಬರಿಬಿದ್ದು 2025ರ ಆರಂಭದಲ್ಲಿ ಸುಗ್ರೀವಾಜ್ಞೆ ತಂದಿತಲ್ಲ, ರಾಯರು ಅದೇ ಲೆಕ್ಕ ಹಿಡಿದು ಕ್ಯಾಲೆಂಡರಿನ ಬೆನ್ನಿನ ಮೇಲೆ ತ್ರೈರಾಶಿ ಮಾಡಿದರು. ಚದರಡಿಗೆ ಸುಮಾರು 46 ಸಾವಿರ. ತಮ್ಮ ಸೈಟಿನ ಮುಖ 30 ಅಡಿ, ನಾಲ್ಕಡಿ ಹೋದರೆ 120 ಚದರಡಿ. "ಐವತ್ತೈದು ಲಕ್ಷ ಕಣೇ!"

"ಹಾಗಾದ್ರೆ ನಮ್ಮ ಕಡೆಯಿಂದಲೇ ಎಂಟಡಿ ತಗೊಳ್ಳಲಿ ಬಿಡಿ."

ರಾಯರು ಬಾಯಿ ತೆರೆದರು, ಮುಚ್ಚಿದರು. ಅವರು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಷಾಢದ ಶುರುವಿನಲ್ಲಿ ಸರ್ವೆಯವರು ಬಂದರು. ಅಗಲ ಮಾಡುವ ಮಾತು ಆಮೇಲೆ, ಮೊದಲು ಇರುವ 40 ಅಡಿ ಎಲ್ಲಿದೆ ನೋಡೋಣ ಅಂದರು. ಟೇಪಿನ ಒಂದು ತುದಿ ಹಿಡಿಯುವ ಗೌರವವನ್ನು ರಾಯರು ಯಾರಿಗೂ ಬಿಟ್ಟುಕೊಡಲಿಲ್ಲ. ರಸ್ತೆಯ ನಡುಗೆರೆಯಿಂದ ನಮ್ಮ ಕಡೆಗೆ ಎಳೆದರು: ಹತ್ತೊಂಬತ್ತೂವರೆ. ಅರ್ಧ ಅಡಿ ನಮ್ಮ ಮೆಟ್ಟಿಲು ನುಂಗಿತ್ತು. ನಾನು ಮೆಟ್ಟಿಲ ಮೇಲೆ ಪೇಪರು ಹರಡಿಕೊಂಡು ಕೂತೆ, ಅದರಿಂದೇನೂ ಮುಚ್ಚಿಹೋಗಲಿಲ್ಲ. ಆಮೇಲೆ ಅವರ ಕಡೆಗೆ ಎಳೆದರು: ಹದಿನಾರು. ಇನ್ನೊಮ್ಮೆ ಎಳೆಯಿರಿ ಅಂದರು ರಾಯರು. ಮತ್ತೆ ಹದಿನಾರು. ಟೇಪು ಬಿಗಿಯಾಗಿಲ್ಲ ಅಂದರು. ಬಿಗಿದು ಎಳೆದಾಗ ಎರಡು ಅಂಗುಲ ಇನ್ನೂ ಕಡಿಮೆಯಾಯಿತು.

ಅಂದರೆ ಆ ನಾಲ್ಕಡಿ, ಆ 120 ಚದರಡಿ, ಆ 55 ಲಕ್ಷ, ಮೊದಲಿನಿಂದಲೂ ರಸ್ತೆಯದ್ದೇ. ರಸ್ತೆಯ ನೆಲವನ್ನು ರಸ್ತೆಗೇ ಕೊಟ್ಟವರಿಗೆ ಟಿಡಿಆರ್ ಕೊಡುವ ಕಾಯ್ದೆ ಇನ್ನೂ ಬಂದಿಲ್ಲ. ಸರ್ವೆಯ ಹುಡುಗ ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದ.

ಮರುದಿನ ಬೆಳಗ್ಗೆ ನೋಡಿದರೆ ರಾಯರು ಕುಂಚ ಹಿಡಿದು ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದಾರೆ.

"ಏನು ರಾಯರೇ, ಇಷ್ಟು ಬೇಗ?"

"ದೀಪಾವಳಿ ಬಂತಲ್ಲ ಸ್ವಾಮಿ."

ಮಧ್ಯಾಹ್ನದ ಮಳೆಗೆ ಸುಣ್ಣ ಇಳಿದು, ಕೆಂಪು ಗುರುತು ಒಳಗಿನಿಂದ ಇಣುಕಿತು. ಸಂಜೆ ರಾಯರು ತಾವಾಗಿಯೇ ರಸ್ತೆ ದಾಟಿ ಬಂದು ನಮ್ಮ ಅರ್ಧ ಅಡಿ ಮೆಟ್ಟಿಲ ಮೇಲೆ ಕೂತರು. ದನಿ ತಗ್ಗಿಸಿ ಅಂದರು: "ಯೋಚನೆ ಮಾಡಿದೆ. ಈ ಅಗಲ ಮಾಡೋದ್ರಿಂದ ಏನೂ ಪ್ರಯೋಜನ ಇಲ್ಲ ಸ್ವಾಮಿ. ಎಷ್ಟು ಅಗಲ ಮಾಡಿದ್ರೂ ಅಷ್ಟು ಗಾಡಿ ಬಂದು ತುಂಬ್ಕೊಳ್ಳುತ್ತೆ. ಹ್ಯೂಸ್ಟನ್ ನೋಡಿ. ಇಪ್ಪತ್ತಾರು ಲೇನು, ಏನು ಬಂತು ಭಾಗ್ಯ?"

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ನಮ್ಮಲ್ಲಿ ಆರೂವರೆ, ಅಲ್ಲಿ ಬೆಳಗಿನ ಎಂಟು.

"ನಿಂತಿದೆಯೇನೋ?" ಅಂತ ಶುರುಮಾಡಿದರು ರಾಯರು, ಬಹಳ ಸಮಾಧಾನದಿಂದ.