ರಗಸದಅ ಮಾಸ್ತರು

ನಮ್ಮ ಮಾಸ್ತರು ಹೆಗ್ಗರಣೆಯಲ್ಲಿ ಬಸ್ಸಿಳಿದ ದಿನ ಅವರ ಕೈಯಲ್ಲಿ ಒಂದು ಟ್ರಂಕು, ಬಾಯಲ್ಲಿ ಒಂದು ಪ್ರಶ್ನೆ ಇತ್ತು. “ಈ ಮಳಿ ಯಾವಾಗ ನಿಂದರ್ತೈತ್ರಿ ಹೆಗಡೇರ?”

ಜೂನ್ ತಿಂಗಳು. “ದೀಪಾವಳಿ ಹೊತ್ತಿಗೆ” ಎಂದೆ. ಚೇಷ್ಟೆಯೆಂದು ತಿಳಿದು ನಕ್ಕರು. ಆ ನಗು ಆಗಸ್ಟಿನ ತನಕ ಬಾಳಿತು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಯಾಕೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥ ಮಾಸ್ತರು ಊರಿಗೊಬ್ಬರು ಸಿಗುತ್ತಾರೆ. ಬಯಲುಸೀಮೆಯವರು. ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋಗಲಿಕ್ಕೆಂದು ಬಂದವರು. ಹದಿನೆಂಟು ವರ್ಷದಿಂದ “ಇನ್ನ ಎರಡ ವರ್ಷ” ಅನ್ನುತ್ತಲೇ ಇರುವವರು. ಆರಂಭದಲ್ಲಿ ತಂಬಳಿಯನ್ನು ಮಜ್ಜಿಗೆ ಕೆಟ್ಟದ್ದೆಂದು ತಿಳಿದು ಪಕ್ಕಕ್ಕೆ ಸರಿಸಿ, ಈಗ ಊರಿಗೆ ಹೋದಾಗ ಜೋಳದ ರೊಟ್ಟಿಗೆ ತಂಬಳಿ ಕೇಳಿ ಹೆಂಡತಿಯ ಹತ್ತಿರ ಬೈಸಿಕೊಳ್ಳುವವರು.

ನಮ್ಮವರದು ಗದಗು. ಆದ್ದರಿಂದ ಸಾಹಿತ್ಯ ರಕ್ತದಲ್ಲೇ ಇದೆಯೆಂಬ ನಂಬಿಕೆ. ಕುಮಾರವ್ಯಾಸ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ, ಮಿಂದ ಒದ್ದೆ ಬಟ್ಟೆ ಒಣಗುವವರೆಗೆ ಬರೆಯುತ್ತಿದ್ದನಂತೆ. ಅದು ಒಣಗಿತೋ, ಆ ದಿನದ ಕಾವ್ಯ ಮುಗಿಯಿತು. ಮಾಸ್ತರು ಶಾಲೆಯ ಜಗುಲಿಯ ಕಂಬಕ್ಕೆ ಒರಗಿ ಇದನ್ನೇ ಮಾಡಿ ನೋಡಿದರು. ಹೆಗ್ಗರಣೆಯ ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲವಾದ್ದರಿಂದ ಅವರ ಕಾವ್ಯಕ್ಕೆ ಕೊನೆಯೇ ಇಲ್ಲದಾಯಿತು. ಎದ್ದು ನಿಂತಾಗ ಬೆನ್ನಿನ ಮೇಲೆ ಕಂಬದಗಲದ ಹಸಿರು ಹಾವಸೆ. ಆ ಅಂಗಿ ಇವತ್ತಿಗೂ ಇದೆ.

ಮೊದಲ ವರ್ಷಗಳಲ್ಲಿ ಅವರ ಸಾಹಿತ್ಯಸೇವೆ ಎರಡೇ ಬಗೆಯದು. ಒಂದು, ವರ್ಗಾವಣೆ ಅರ್ಜಿ. ತಾಯಿಯ ಮೊಣಕಾಲು ನೋವು, ಮಳೆ, ಉಂಬಳ, ಒಂಟಿತನ, ಮತ್ತೆ ಮಳೆ ಎಂದು ಮೂರು ಪುಟ. ಕಚೇರಿಯಲ್ಲಿ ಓದಿದವರು ಕಣ್ಣೊರೆಸಿಕೊಂಡು ಕಪಾಟಿನಲ್ಲಿಟ್ಟರೆಂದು ಕಾಣುತ್ತದೆ, ಉತ್ತರ ಬರಲಿಲ್ಲ. ಎರಡನೆಯದು ಕೆಂಪು ಪೆನ್ನು. ಮಕ್ಕಳು ದಿನಕ್ಕೊಂದು ಪುಟ ಶುದ್ಧಬರಹ ಬರೆಯಬೇಕು, ಉಕ್ತಲೇಖನದಲ್ಲಿ ಎಡವಿದ ಶಬ್ದವನ್ನು ಹತ್ತು ಸಲ ತಿದ್ದಬೇಕು. ನಿಬಂಧವಾದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಹಸುವಿಗೂ ಪೀಠಿಕೆ, ದೀಪಾವಳಿಗೂ ಉಪಸಂಹಾರ. ಎಂಟು ವರ್ಷದ ಮಕ್ಕಳೆಲ್ಲ “ಒಟ್ಟಿನಲ್ಲಿ ಹೇಳುವುದಾದರೆ” ಎಂದು ಪಂಚಾಯಿತಿ ಅಧ್ಯಕ್ಷರ ಹಾಗೆ ಮುಗಿಸುತ್ತಿದ್ದವು.

ಕೆಂಪು ಪೆನ್ನಿಗೆ ಅತಿ ಹೆಚ್ಚು ಶಾಯಿ ತಿನ್ನಿಸಿದ್ದು ನಮ್ಮ ಮನೆಮಾತಾದ ಹವ್ಯಕ ಕನ್ನಡ. ಒಂದು ಮಾಣಿ ತಡವಾಗಿ ಬಂದದ್ದಕ್ಕೆ “ಬಸ್ಸು ಬಂಜಿಲ್ಲೆ” ಎಂದು ಚೀಟಿ ಬರೆದುಕೊಟ್ಟ. ಮಾಸ್ತರು ಅರ್ಧ ದಿನ ನಿಘಂಟು ಹುಡುಕಿದರು. ಬಂದಿಲ್ಲ ಎಂದು ಅರ್ಥವಾದ ಮೇಲೆ ಸಿಟ್ಟು ಬಂತು, ಆ ಮಾಣಿ ಐವತ್ತು ಸಲ “ಬಸ್ಸು ಬಂದಿಲ್ಲ” ಬರೆದ. ಅಷ್ಟರಲ್ಲಿ ಬಸ್ಸು ಬಂದು ಹೋಗಿತ್ತು.

ಆಮೇಲೆ ನಲಿಕಲಿ ಬಂತು.

ಇದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿದ ಪದ್ಧತಿ. ಅಲ್ಲಿಯ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು ಕಟ್ಟಿಕೊಂಡದ್ದು. 2009ರ ಸುಮಾರಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮಾಸ್ತರು ತರಬೇತಿಗೆ ಹೋಗುವಾಗ ನೇಣಿಗೆ ಹೋಗುವವರ ಹಾಗಿದ್ದರು, ಬರುವಾಗ ಹಾಡುತ್ತ ಬಂದರು, ಅದೂ ಅಭಿನಯ ಸಮೇತ. ಬೆಂಚು ಹೊರಗೆ ಹೋಯಿತು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತವು. ಗೋಡೆಗೆ ಕಲಿಕಾ ಏಣಿ, ಕೈಗೆ ಕಾರ್ಡು, ತಲೆಯ ಮೇಲೆ ದಾರದ ಚಪ್ಪರ. ಮಕ್ಕಳು ಬರೆದದ್ದು, ಬಿಡಿಸಿದ್ದು ಎಲ್ಲ ಅದಕ್ಕೆ ನೇತುಬಿದ್ದವು. ನಮ್ಮಲ್ಲಿ ಚಪ್ಪರವೆಂದರೆ ಅಡಿಕೆ ಒಣಗಿಸುವುದಕ್ಕೆ. ಇವರು ಮಳೆಗಾಲದಲ್ಲಿ ಕಾಗದ ಒಣಗಿಸಹೊರಟು, ಹದಿನೈದು ದಿನದಲ್ಲಿ ಎಲ್ಲ ಸಾಹಿತ್ಯಕ್ಕೂ ಬೂಷ್ಟು ಬಂತು.

ಆದರೆ ಊರಲ್ಲಿ ಗಲಾಟೆ ಎಬ್ಬಿಸಿದ್ದು ಅಕ್ಷರದ ಸಾಲು. ಹೊಸ ಪದ್ಧತಿಯಲ್ಲಿ ಅ ಆ ಇ ಈ ಇಲ್ಲ. ಬರೆಯಲು ಸುಲಭವಾಗಿ, ಒಂದರ ರೂಪ ಇನ್ನೊಂದಕ್ಕೆ ದಾರಿ ಮಾಡಿಕೊಡುವ ಹಾಗೆ, ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ನಮ್ಮ ಅಪ್ಪಯ್ಯ ಕವಳ ಹಾಕಿಕೊಂಡು ಮೊಮ್ಮಗನನ್ನು ಕೇಳಿದ.

“ತಮಾ, ಅ ಆ ಎಲ್ಲೋತು?”

“ಅ ಕಡೇಗೆ ಬತ್ತು ಅಜ್ಜಾ. ಆ ಇನ್ನೂ ಬಂಜಿಲ್ಲೆ.”

“ಅದು ಬಪ್ಪಷ್ಟರೊಳಗೆ ಆನು ಇರ್ತಿನೋ ಇಲ್ಯೋ!”

ಶಾಲಾಭಿವೃದ್ಧಿ ಸಮಿತಿಯ ಸದಸ್ಯನೆಂಬ ಕರ್ಮಕ್ಕೆ ನಾನೇ ವಿಚಾರಿಸಲು ಹೋದೆ. ಮಾಸ್ತರು ನನ್ನನ್ನೂ ನೆಲದ ಮೇಲೆ ಕೂರಿಸಿ, ಐದು ಕಾರ್ಡು ಕೈಗೆ ಕೊಟ್ಟು, ಶಬ್ದ ಕಟ್ಟಿರಿ ಎಂದರು. ಕಟ್ಟಿದೆ. ಸರ, ಅರಸ, ಅಗಸ, ಗರಗಸ. ಐದಕ್ಷರಕ್ಕೆ ಇಷ್ಟು ಶಬ್ದ! ನಾವು ಅ ಇಂದ ಳ ತನಕ ಬಾಯಿಪಾಠ ಹೇಳುವಷ್ಟರಲ್ಲಿ ಒಂದು ಮಳೆಗಾಲ ಹೋಗಿರುತ್ತಿತ್ತು. ಮಾಸ್ತರು ಮಾತ್ರ ಎರಡೇ ಕಾರ್ಡು ಹಿಡಿದು ಕೂತಿದ್ದರು. “ನೋಡ್ರಿ ಹೆಗಡೇರ, ಗ, ದ, ಗ.” ಕರಿಹಲಗೆಯ ಮೇಲೆ ತಮ್ಮೂರನ್ನು ದೊಡ್ಡದಾಗಿ ಬರೆದು, ಅವತ್ತು ಮಧ್ಯಾಹ್ನದ ತನಕ ಅದನ್ನೇ ಓದಿಸಿದರಂತೆ. ನನ್ನ ಮಗ ಮನೆಗೆ ಬಂದು ಅಡಿಕೆ ಚೀಲದ ಮೇಲೆ ಇದ್ದಿಲಿನಲ್ಲಿ “ದರ” ಎಂದು ಬರೆದ. ಅಪ್ಪಯ್ಯನ ವಿರೋಧ ಅಲ್ಲಿಗೆ ಮುಗಿಯಿತು. “ಇಷ್ಟು ಕಲ್ತ್ರೆ ಸಾಕು. ಉಳ್ದಿದ್ದು ಶಿರಸಿ ಟೆಂಡರಿನವು ಕಲಿಸ್ತ.”

ಮಕ್ಕಳು ಎಂಟು ದಿನದಲ್ಲಿ ಸ್ವಂತ ಶಬ್ದ ಕಟ್ಟುವುದನ್ನು ನೋಡಿದ ಮೇಲೆ ಮಾಸ್ತರಿಗೆ ತಾವೂ ಸ್ವಂತದ್ದೇನಾದರೂ ಬರೆಯಬೇಕು ಅನ್ನಿಸಿತು. ಇದಕ್ಕೆ ನಮ್ಮ ಜಿಲ್ಲೆಯ ಹವೆಯೂ ಕಾರಣ. ದಿನಕರ ದೇಸಾಯರು ಚುಟುಕ ಬರೆದು ಹೋದಂದಿನಿಂದ ಉತ್ತರ ಕನ್ನಡದಲ್ಲಿ ಯಾರನ್ನು ಅಲ್ಲಾಡಿಸಿದರೂ ನಾಲ್ಕು ಸಾಲು ಉದುರುತ್ತದೆ. ಒಂದು ಮದುವೆ, ಒಂದು ನಿವೃತ್ತಿ ಸಮಾರಂಭ ಚುಟುಕವಿಲ್ಲದೆ ಮುಗಿದದ್ದು ನಾನು ಕಂಡಿಲ್ಲ. ದೇಸಾಯರಿಗೆ ನಾಲ್ಕು ಸಾಲು ಸಾಕಾಗುತ್ತಿತ್ತು. ಮಾಸ್ತರು ಕುಮಾರವ್ಯಾಸನ ಊರಿನವರು, ಅವರಿಗೆ ಹೇಗೆ ಸಾಕಾದೀತು?

ಕೊನೆಕೊಯ್ಲಿನ ಕಾಲ. ರಾತ್ರಿ ನಮ್ಮ ಮನೆಯಲ್ಲಿ ಹತ್ತಾರು ಜನ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಕವಿಗೆ ಇದಕ್ಕಿಂತ ಒಳ್ಳೆಯ ಸಭೆ ಸಿಗುವುದಿಲ್ಲ, ಯಾರೂ ಎದ್ದು ಹೋಗುವ ಹಾಗಿಲ್ಲ. ಮಾಸ್ತರು ಅಡಿಕೆಯ ಮೇಲೆ ಹದಿನಾಲ್ಕು ನುಡಿಯ ಕವಿತೆ ಓದಿದರು. ಅದರಲ್ಲಿ ಹೇಮವರ್ಣೆ ಇದ್ದಳು, ಹರಿದ್ವನದೇವಿ ಇದ್ದಳು, ಗಗನಚುಂಬಿ ಇತ್ತು. ಕತ್ತಿಗಳು ಕರಕರ ಎಂದು ಓಡುತ್ತಲೇ ಇದ್ದವು. ಮುಗಿದ ಮೇಲೆ ನಮ್ಮ ಆಯಿ ಕೇಳಿದಳು: “ಮಾಸ್ತ್ರೇ, ಇದ್ರಲ್ಲಿ ಅಡಿಕೆ ಎಲ್ಲಿದ್ದು?” ಪಾಪ ಕಂಡಿತೋ ಏನೋ, ಕೂಡಲೇ “ಅಡ್ಡಿಲ್ಲೆ” ಎಂದು ಸೇರಿಸಿದಳು.

ಈ ಅಡ್ಡಿಲ್ಲೆಯನ್ನು ಬೇರೆ ಕಡೆಯವರಿಗೆ ವಿವರಿಸುವುದು ಕಷ್ಟ. ಹೋಳಿಗೆ ಬಾಯಲ್ಲಿ ಕರಗಿದರೂ ನಮ್ಮಲ್ಲಿ ಅಡ್ಡಿಲ್ಲೆ. ಮಗನಿಗೆ ನೂರಕ್ಕೆ ತೊಂಬತ್ತೆಂಟು ಬಂದರೂ ಅಡ್ಡಿಲ್ಲೆ, ಮೂರು ದಿನದ ಜ್ವರ ಬಿಟ್ಟರೂ ಅಡ್ಡಿಲ್ಲೆ, ಅಳಿಯ ಅಷ್ಟೇನೂ ಕುಡಿಯುವುದಿಲ್ಲ ಎಂದರೂ ಅಡ್ಡಿಲ್ಲೆ. ಮಾಸ್ತರಿಗೆ ಅದು ಹೊಗಳಿಕೆಯೋ ಸಮಾಧಾನವೋ ತಿಳಿಯಲಿಲ್ಲ.

ಆಮೇಲೆ ಆಯಿ ತನ್ನ ಕಥೆ ತೆಗೆದಳು. ಅವಳು ಸಣ್ಣವಳಿದ್ದಾಗ ಕೊಟ್ಟಿಗೆಗೆ ಹುಲಿ ಬಂದದ್ದು, ಎಮ್ಮೆ ಕಟ್ಟು ಹರಿದುಕೊಂಡದ್ದು, ಅಜ್ಜ ಸೂಡಿ ಹಿಡಿದು ಒಬ್ಬನೇ ಹೊರಟದ್ದು. ಕೊಟ್ಟಿಗೆಯ ಬಾಗಿಲು ಸರಿದಿತ್ತು ಎನ್ನುವಾಗ ಒಂದೊಂದೇ ಕತ್ತಿ ನಿಂತಿತು. ಎಲ್ಲ ನಿಂತವು. ಮಾಸ್ತರು ಕಥೆ ಕೇಳುವುದನ್ನು ಬಿಟ್ಟು ಕತ್ತಿಗಳನ್ನೇ ನೋಡುತ್ತಿದ್ದರು.

ಮಾರನೆಯ ದಿನದಿಂದ ಶಾಲೆಯಲ್ಲಿ ಪೀಠಿಕೆ, ಉಪಸಂಹಾರ ಬಂದ್. “ಕತ್ತಿ ನಿಲ್ಲೋ ಹಂಗ ಬರೀರಿ” ಎಂಬುದೊಂದೇ ಸೂತ್ರ. ತಾಲೂಕಿನ ಸಭೆಯಲ್ಲೂ ಇದನ್ನೇ ಹೇಳಿ, ಕೇಳಿದವರು ಮಕ್ಕಳ ಕೈಗೆ ಕತ್ತಿ ಕೊಟ್ಟಿದ್ದಾರೆಂದು ಗಾಬರಿಯಾದರಂತೆ.

ಮನೆಮಾತಿನ ಜಗಳ ತೀರಿದ್ದು ಬೇರೆ ದಾರಿಯಿಂದ. ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಗಳು 1887ರಲ್ಲೇ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಬರೆದು, ಹವ್ಯಕರ ಬಾಯಲ್ಲಿ ಹವ್ಯಕ ಮಾತನ್ನೇ ಆಡಿಸಿದ್ದಾರೆ, ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನೇ ಹೇಳುತ್ತಾರೆ ಎಂದು ಯಾರೋ ಮಾಸ್ತರ ಕಿವಿಗೆ ಹಾಕಿದರು. ಮಾಸ್ತರು ಲೆಕ್ಕ ಹಾಕಿದರು: ತಾವು ನೂರಿಪ್ಪತ್ತು ವರ್ಷ ತಡವಾಗಿ ಕೆಂಪು ಪೆನ್ನು ಹಿಡಿದು ಬಂದಿದ್ದೇವೆ. ಅಲ್ಲಿಂದ ಮುಂದೆ ಮಕ್ಕಳು ಮೊದಲು ತಮ್ಮ ಮಾತಿನಲ್ಲಿ ಬರೆದು, ಆಮೇಲೆ ಪುಸ್ತಕದ ಮಾತಿಗೆ ತಿರುಗಿಸುವ ಪದ್ಧತಿ ಬಂತು. ಹವ್ಯಕರ ಮಕ್ಕಳದ್ದೊಂದು, ನಾಮಧಾರಿಗಳ ಮಕ್ಕಳದ್ದೊಂದು, ನಡುವೆ ಮಾಸ್ತರ ಗದಗಿನ ಮಾತು. ಪುಸ್ತಕದ ಕನ್ನಡ ಮಾತ್ರ ಯಾರ ಮನೆಯದೂ ಅಲ್ಲ, ಅದಕ್ಕೇ ಜಗಳವಿಲ್ಲ.

ಒಂದು ಸಲ ಎಲ್ಲರೂ ಕೆಪ್ಪಜೋಗದ ಬಗ್ಗೆ ಬರೆಯಬೇಕಿತ್ತು, ಮಾಸ್ತರೂ ಸೇರಿ. ಹೆಗ್ಗರಣೆಯಿಂದ ಹತ್ತಿರವೇ ಇರುವ ಉಂಚಳ್ಳಿ ಜಲಪಾತಕ್ಕೆ ನಮ್ಮ ಹೆಸರು ಅದು. ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಆ ಹೆಸರು. 1845ರಲ್ಲಿ ಬಂದ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಮಾಸ್ತರು ಇದೆಲ್ಲವನ್ನೂ ಹಾಕಿ, ಮೇಲೆ ಕ್ಷೀರಧಾರೆ, ಮುತ್ತಿನ ಹನಿ, ಪ್ರಕೃತಿಮಾತೆಯ ಮಡಿಲು ಸುರಿದು ನಾಲ್ಕು ಪುಟ ಬರೆದರು. ಮೂರನೇ ಕ್ಲಾಸಿನ ಒಂದು ಕೂಸು ಮೂರು ಸಾಲು ಬರೆದಿತ್ತು. ಕೆಪ್ಪಜೋಗದ ಹತ್ತಿರ ಮಾತಾಡಿದರೆ ಕೇಳುವುದಿಲ್ಲ. ನಮ್ಮ ಅಜ್ಜನ ಹತ್ತಿರ ಮಾತಾಡಿದರೂ ಕೇಳುವುದಿಲ್ಲ. ಅಜ್ಜನನ್ನು ನೋಡಲು ಯಾರೂ ಬರುವುದಿಲ್ಲ.

ಮಾಸ್ತರು ತಮ್ಮ ನಾಲ್ಕು ಪುಟ ಮಡಚಿ ಕಿಸೆಗೆ ಹಾಕಿಕೊಂಡರು. ಆ ಭಾನುವಾರ ಆ ಕೂಸಿನ ಮನೆಗೆ ಹೋಗಿ ಅಜ್ಜನೆದುರು ಎರಡು ತಾಸು ಕೂತು ಬಂದರಂತೆ. ಏನು ಮಾತಾಡಿದಿರಿ ಎಂದರೆ, “ಕೂಗಿ ಕೂಗಿ ಗಂಟಲ ಹೋತ್ರಿ” ಎಂದರು. ಅದಾದ ಮೇಲೆ ಅವರ ಬರಹದಿಂದ ವಿಶೇಷಣಗಳು ಹಣ್ಣಡಿಕೆ ಉದುರಿದ ಹಾಗೆ ಉದುರತೊಡಗಿದವು. ವರ್ಗಾವಣೆ ಅರ್ಜಿ ಅರ್ಧ ಪುಟಕ್ಕೆ ಇಳಿಯಿತು. ತಾಯಿಯ ಮೊಣಕಾಲು ಉಳಿಯಿತು, ಮಳೆ ಹೋಯಿತು.

ಕಳೆದ ಮಳೆಗಾಲದ ಒಂದು ರಾತ್ರಿ ಎಂಟೂವರೆಗೆ ಯಾರೋ ಬಾಗಿಲು ಬಡಿದರು. ಮಾಸ್ತರು, ಒದ್ದೆಮುದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಒಂದು ಹಾಳೆ. ಉಂಬಳದ ಮೇಲೆ ಆರು ಸಾಲು ಬರೆದಿದ್ದರು. ಶಾಲೆಗೆ ಬರುವ ದಾರಿಯಲ್ಲಿ ಹತ್ತಿತು, ಗೊತ್ತಾಗಲಿಲ್ಲ, ಪಾಠ ಹೇಳುವಾಗ ಕಾಲಲ್ಲಿ ರಕ್ತ ಕಂಡಿತು, ಮಕ್ಕಳು ಸುಣ್ಣ ತಂದರು, ನೋಡಿದರೆ ಉಂಬಳ ಆಗಲೇ ಕುಡಿದು ಬಿಟ್ಟು ಹೋಗಿತ್ತು. ಅಷ್ಟೇ. ಈಗಿನ ರೂಢಿಯಂತೆ ಮಕ್ಕಳಿಗೆ ತಿದ್ದಲು ಕೊಟ್ಟಿದ್ದರು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ, ತಾರೀಕಿನ ಸಮೇತ, ಹೀಗಿತ್ತು: “ಅಡ್ಡಿಲ್ಲೆ. ಉಂಬಳ ಎಲ್ಲಿ ಹೋತು?”

“ಹೆಗಡೇರ, ಹೊಟ್ಟಿ ತುಂಬಿದ ಮ್ಯಾಲೆ ಅದು ಎಲ್ಲಿಗೆ ಹೋಗತೈತ್ರಿ?”

ಹುಟ್ಟಿದಾರಭ್ಯ ಕಚ್ಚಿಸಿಕೊಂಡಿದ್ದೇನೆ. ಒಂದು ಸಲವೂ ಹಿಂದೆ ಹೋಗಿ ನೋಡಿಲ್ಲ. ಒಳಗಿನಿಂದ ಬ್ಯಾಟರಿ ತಂದೆ. ಇಬ್ಬರೂ ಪಂಚೆ ಮೇಲೆತ್ತಿ ಕಟ್ಟಿ, ತೋಟದ ಮೆಟ್ಟಿಲಿನ ಕಡೆಗೆ ಇಳಿದೆವು.