ಅಧಿಕಾರಿ: ಬಳಕೆದಾರರ ಕೈಪಿಡಿ (ಕೊಡಗು ಆವೃತ್ತಿ)

ಮೊದಲು ಇದನ್ನು ಓದಿ

ಅಭಿನಂದನೆಗಳು. ನೀವು ನಾಡಕಚೇರಿಯವರೆಗೆ ಬಂದು ತಲುಪಿದ್ದೀರಿ. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಚಪ್ಪಲಿಯ ಕೆಸರು ಒರೆಸಿ ಒಳಗೆ ಬನ್ನಿ. ಮೇಜಿನ ಆಚೆ ಕಾಣುವುದು ಒಂದಲ್ಲ, ಎರಡು: ಹುದ್ದೆ, ಮತ್ತು ಹುದ್ದೆಯಲ್ಲಿ ಕೂತವರು. ಹುದ್ದೆಯನ್ನು ಹುಟ್ಟಿಸಿದ್ದು ಕಾಯ್ದೆ. ಕೂತವರನ್ನು ಕಳಿಸಿದ್ದು ವರ್ಗಾವಣೆ ಪಟ್ಟಿ. ನಮಗೆ ಕೆಲಸವಿರುವುದು ಹುದ್ದೆಯ ಹತ್ತಿರ, ನಾವು ಕೈಮುಗಿಯುವುದು ಕೂತವರಿಗೆ. ಅರ್ಧ ಓಡಾಟ ಈ ಗೊಂದಲದಿಂದಲೇ.

1. ಮಾದರಿ ಗುರುತಿಸುವುದು

ಕೊಡಗಿನಲ್ಲಿ ಹಳೆಯ ಮಾದರಿಗಳ ಹೆಸರು ಸುಲಭಕ್ಕೆ ಅಳಿಯುವುದಿಲ್ಲ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿದ ಮೇಲೂ ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ಯಗಾರ ಎಂಬ ಏರ್ಪಾಡು ಮುಂದುವರಿಯಿತು. ಈಗ ಸುಬೇದಾರರ ಜಾಗದಲ್ಲಿ ತಹಶೀಲ್ದಾರರಿದ್ದಾರೆ. ಪಾರುಪತ್ಯಗಾರರನ್ನು ಕಾಣಬೇಕಿದ್ದರೆ ಭಾಗಮಂಡಲದಂಥ ದೇವಸ್ಥಾನಕ್ಕೆ ಹೋಗಬೇಕು. ಅವರ ಹತ್ತಿರ ಜಾತಿ ಪ್ರಮಾಣಪತ್ರ ಕೇಳಬೇಡಿ.

ಊರ ಹಿರಿಯರಾದ ತಕ್ಕರನ್ನೂ ಅಧಿಕಾರಿಯೆಂದು ತಿಳಿಯಬೇಡಿ. ಊರ ಹಬ್ಬದ ವಿಷಯದಲ್ಲಿ ಅವರ ಮಾತು ನಡೆಯುತ್ತದೆ, ಪಹಣಿ ತಿದ್ದುಪಡಿಯಲ್ಲಿ ನಡೆಯುವುದಿಲ್ಲ. ಪಟ್ಟೆದಾರರ ಸಂಗತಿ ತುಸು ತೊಡಕಿನದು. ಅವರು ಒಕ್ಕದ, ಅಂದರೆ ಕೊಡವ ಮನೆತನದ, ಹಿರಿಯರೇ ಹೊರತು ಸರ್ಕಾರಿ ನೌಕರರಲ್ಲ. ಆದರೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಕಂದಾಯಕ್ಕೆ ಸರ್ಕಾರ ಹಿಡಿದು ಕೇಳುತ್ತಿದ್ದದ್ದು ಅವರನ್ನೇ. ಹಾಗಾಗಿ ಎಂದೋ ತೀರಿಹೋದ ಮುತ್ತಜ್ಜನ ಹೆಸರು ಪಹಣಿಯಲ್ಲಿ ಇನ್ನೂ ಇದ್ದರೆ ಕಂಪ್ಯೂಟರಿನ ತಪ್ಪೆಂದು ತಿಳಿಯಬೇಡಿ. ಅದರ ಬಿಸಿ ತಟ್ಟುವುದು ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ.

2. ಈಗ ತಯಾರಿಕೆ ನಿಂತಿರುವ ಮಾದರಿ (1950–1956)

ಸಂಗ್ರಾಹಕರ ಮಾಹಿತಿಗಾಗಿ ಮಾತ್ರ. ಆಗ ಕೊಡಗು ‘ಸಿ’ ದರ್ಜೆಯ ರಾಜ್ಯ. ರಾಜ್ಯಪಾಲರಿಲ್ಲ, ಚೀಫ್ ಕಮಿಷನರ್ ಇದ್ದರು. 1952ರಿಂದ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅವರೂ ಕೆ. ಮಲ್ಲಪ್ಪನವರೂ ಸೇರಿದರೆ ಮಂತ್ರಿಮಂಡಲ ಭರ್ತಿ. ಆದರೆ ಕೇಂದ್ರದ ಕಾಯ್ದೆಗಳನ್ನು ಓದುವ ಬಗೆ ಹೇಳಿಕೊಡುವ 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ, ‘ಸಿ’ ದರ್ಜೆಯ ರಾಜ್ಯದಲ್ಲಿ ‘ರಾಜ್ಯ ಸರ್ಕಾರ’ ಎಂದರೆ ಕೇಂದ್ರ ಸರ್ಕಾರ! ಮಡಿಕೇರಿಯಲ್ಲಿ ಕೂತು ಆ ಪದ ಓದಿದವರು ದೆಹಲಿಯ ದಿಕ್ಕಿಗೆ ತಿರುಗಬೇಕಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾದ ಮೇಲೆ ದಿಕ್ಕು ಬೆಂಗಳೂರಿಗೆ ಬದಲಾಯಿತು. ಅದೇ ಕಾಯ್ದೆಯಲ್ಲಿ ಈಗ ‘ರಾಜ್ಯ ಸರ್ಕಾರ’ ಎಂದರೆ ರಾಜ್ಯಪಾಲರು. ಹಾಗೆಂದು ಪೌತಿ ಖಾತೆಯ ಅರ್ಜಿ ಹಿಡಿದು ರಾಜಭವನಕ್ಕೆ ಹೋಗಬೇಡಿ. ಅವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ.

3. ಬಹೂಪಯೋಗಿ ಮಾದರಿ: ಜಿಲ್ಲಾಧಿಕಾರಿ

ಕುರ್ಚಿ ಒಂದೇ, ಹುದ್ದೆ ಹಲವು. ಕಂದಾಯದ ಮಟ್ಟಿಗೆ ಅವರು ಡೆಪ್ಯುಟಿ ಕಮಿಷನರ್. ಶಾಂತಿ ಸುವ್ಯವಸ್ಥೆಗೆ ಜಿಲ್ಲಾ ದಂಡಾಧಿಕಾರಿ. ಮತದಾನ ಬಂದಾಗ ಜಿಲ್ಲಾ ಚುನಾವಣಾಧಿಕಾರಿ. ಆ ಅವಧಿಗೆ ಅವರು ಚುನಾವಣಾ ಆಯೋಗಕ್ಕೆ ನಿಯೋಜನೆಯಾದಂತೆ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಭಾವಿಸುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಪದನಿಮಿತ್ತ ಅಧ್ಯಕ್ಷರು. ‘ಪದನಿಮಿತ್ತ’ ಎಂದರೆ ಬೇರೆ ನೇಮಕಾತಿ ಬೇಡ, ಕುರ್ಚಿಗೆ ಅಂಟಿಕೊಂಡೇ ಬರುತ್ತದೆ. ಕುರ್ಚಿ ಬಿಟ್ಟ ಗಳಿಗೆ ಅದೂ ಬಿಟ್ಟಿತು.

ಜುಲೈ ರಾತ್ರಿ ಮಳೆ ಜಡಿಯುತ್ತಿರುವಾಗ ವಾಟ್ಸಾಪಿನಲ್ಲಿ ‘ನಾಳೆ ರಜೆಯಾ?’ ಎಂದು ಮಕ್ಕಳು ಹುಡುಕುವುದು ಈ ಕುರ್ಚಿಯ ಸಹಿಯನ್ನೇ. ಜಮ್ಮಾ ಕೋವಿ ಇರುವ ಮನೆಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ, 2029ರವರೆಗೆ, ವಿಸ್ತರಿಸಿತು. ವಿನಾಯಿತಿ ಪತ್ರಕ್ಕೆ ಹೋಗಬೇಕಾದ್ದೂ, ಚುನಾವಣೆ ಹೊತ್ತಿಗೆ ‘ಕೋವಿ ಠೇವಣಿ ಇಡಿ’ ಎಂಬ ಆದೇಶ ಹೊರಟರೆ ತಕರಾರು ಹೇಳಬೇಕಾದ್ದೂ ಒಂದೇ ಬಾಗಿಲಿಗೆ. ಸೂಚನೆ: ಸಹಿಯ ಕೆಳಗಿನ ಮೊಹರು ಓದಿ. ಯಾವ ಹುದ್ದೆಯಿಂದ ಆದೇಶ ಬಂದಿದೆಯೋ ಅದಕ್ಕೆ ತಕ್ಕ ಕಾಯ್ದೆ, ಅದಕ್ಕೆ ತಕ್ಕ ಮೇಲ್ಮನವಿ.

4. ದೋಷ ಪತ್ತೆ ಮತ್ತು ಪರಿಹಾರ

ದೋಷ: ‘ಸಾಹೇಬ್ರು ಇಲ್ಲ.’

ಪರಿಹಾರ: ಕೌಂಟರಿನಲ್ಲಿ ಹೀಗೆ ಮುಂದುವರಿಯಿರಿ.

‘ಯಾವಾಗ ಬರ್ತಾರೆ ಸಾರ್?’
‘ಟ್ರಾನ್ಸ್‌ಫರ್ ಆಗಿದೆ. ಹೊಸಬರು ಇನ್ನೂ ಬಂದಿಲ್ಲ.’
‘ಪ್ರಭಾರ ಯಾರಿಗೆ ಸಾರ್?’

ಈ ಮೂರನೆಯ ವಾಕ್ಯಕ್ಕೆ ಕೌಂಟರಿನಲ್ಲಿ ಬಗ್ಗಿದ್ದ ತಲೆ ಒಮ್ಮೆ ಮೇಲೇಳುತ್ತದೆ. ಕಾರಣ ಜನರಲ್ ಕ್ಲಾಸಸ್ ಕಾಯ್ದೆಯ 17ರಿಂದ 19ನೇ ಕಲಮುಗಳು. ಕಾಯ್ದೆಯಲ್ಲಿ ಹುದ್ದೆಯ ಹೆಸರು ಹೇಳಿದರೆ ಸಾಕು, ಸದ್ಯಕ್ಕೆ ಆ ಕೆಲಸ ನಡೆಸುತ್ತಿರುವವರಿಗೂ ಮುಂದೆ ಬರುವವರಿಗೂ ಅದು ತಾನಾಗಿ ಅನ್ವಯಿಸುತ್ತದೆ. ರಾಜ್ಯದ ಕಾಯ್ದೆಗಳಿಗೆ ಇಂಥದ್ದೇ 1899ರ ಇನ್ನೊಂದು ಕಾಯ್ದೆ ಇದೆ. ಸಾಹೇಬರು ರಜೆ ಹಾಕಬಹುದು, ಹುದ್ದೆಗೆ ರಜೆಯಿಲ್ಲ. ಆದರೆ ಪ್ರಭಾರದ ಆದೇಶ ಇದೆಯೇ, ಅದರಲ್ಲಿ ಯಾವ ಅಧಿಕಾರ ಕೊಟ್ಟಿದೆ ಎಂದು ಕೇಳಿ ತಿಳಿಯಿರಿ. ಪಕ್ಕದ ಮೇಜಿನವರ ಒಳ್ಳೆಯ ಮನಸ್ಸು ಪ್ರಭಾರ ಆಗುವುದಿಲ್ಲ.

ದೋಷ: ನಿಮಗೆ ಆದೇಶ ಕೊಟ್ಟವರ ನೇಮಕಾತಿಯೇ ಕ್ರಮಬದ್ಧವಲ್ಲ ಎಂದು ಆಮೇಲೆ ಕೋರ್ಟು ಹೇಳಿತು.

ಪರಿಹಾರ: ಬೆವರಬೇಡಿ. 1981ರಲ್ಲಿ ಗೋಕರಾಜು ರಂಗರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ನ್ಯಾಯಾಧೀಶರ ನೇಮಕಾತಿ ಬಿದ್ದುಹೋದರೂ, ಹುದ್ದೆಯಲ್ಲಿದ್ದಾಗ ಅವರು ಕೊಟ್ಟ ತೀರ್ಪುಗಳು ಬೀಳುವುದಿಲ್ಲ. ಮೇಜಿನ ಮುಂದೆ ನಿಂತವರು ಮೇಜಿನ ಹಿಂದಿನವರ ನೇಮಕಾತಿ ಪತ್ರ ಪರೀಕ್ಷಿಸಬೇಕೆಂದು ಕಾನೂನು ಬಯಸುವುದಿಲ್ಲ. ಈ ರಿಯಾಯಿತಿ ನಿಮಗಾಗಿ. ಹುದ್ದೆಯ ಸೋಗು ಹಾಕಿದವರಿಗಲ್ಲ.

5. ಅಪಾಯ! ಮೇಜಿನ ಕೆಳಗೆ ಕೈ ಹಾಕಬೇಡಿ

‘ಸಾರ್ವಜನಿಕ ನೌಕರ’ ಎಂಬ ಪದ ನೀವು ಅಂದುಕೊಂಡದ್ದಕ್ಕಿಂತ ಅಗಲ. 1860ರ ದಂಡ ಸಂಹಿತೆಯ 21ನೇ ಕಲಮಿನಲ್ಲಿದ್ದ ವಿವರಣೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಗೂ ಬಂದಿದೆ: ಹುದ್ದೆಯ ಮೇಲಿನ ಹಕ್ಕಿನಲ್ಲಿ ಕಾನೂನಿನ ದೋಷವಿದ್ದರೂ, ಆ ಸ್ಥಾನದಲ್ಲಿ ಕೂತವನು ಸಾರ್ವಜನಿಕ ನೌಕರನೇ. ‘ನನ್ನ ನೇಮಕಾತಿ ಸರಿಯಿರಲಿಲ್ಲ, ಹಾಗಾಗಿ ಲಂಚವೂ ಲಂಚವಲ್ಲ’ ಎಂಬ ವಾದಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆಯೂ ಇಂಥದ್ದೇ ಉತ್ತರ ಇಟ್ಟುಕೊಂಡಿದೆ. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳು. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು.

6. ಖಾತರಿ

2011ರ ಸಕಾಲ ಕಾಯ್ದೆ ತನ್ನ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಗಡುವು ಮತ್ತು ಒಬ್ಬ ನಾಮನಿರ್ದೇಶಿತ ಅಧಿಕಾರಿಯನ್ನು ಗೊತ್ತುಪಡಿಸಿದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಮಡಿಕೇರಿಗೆ ಹೋಗಿಬರುವ ಖರ್ಚೂ ಹುಟ್ಟದಿರಬಹುದು. ಆದರೆ ಆ ಹಣ ಬರಬೇಕಾದ್ದು ತಪ್ಪಿತಸ್ಥರ ಜೇಬಿನಿಂದ, ಅದಕ್ಕೇ ಅದಕ್ಕೆ ತೂಕ. ಸ್ವೀಕೃತಿ ಮತ್ತು ಅದರ ಮೇಲಿನ ಜಿಎಸ್‌ಸಿ ಸಂಖ್ಯೆ ಇಲ್ಲದೆ ಖಾತರಿ ಅನ್ವಯಿಸುವುದಿಲ್ಲ.

ಕೊನೆಯ ಸೂಚನೆ. ಅರ್ಜಿಯ ತಲೆಯಲ್ಲಿ ‘ಗೆ, ತಹಶೀಲ್ದಾರ್’ ಎಂದಷ್ಟೇ ಬರೆಯಿರಿ. ಅವರ ಹೆಸರು, ಅದರ ಹಿಂದೊಂದು ಶ್ರೀಯುತ, ಮುಂದೊಂದು ಸಾಹೇಬರು ಏನೂ ಬೇಡ. ಹೆಸರು ಬರೆಯಲೇಬೇಕು ಅನ್ನಿಸಿದರೆ ಕೆಳಗೆ ನಿಮ್ಮದನ್ನು ಬಿಡಿಸಿ ಬರೆಯಿರಿ. ಆ ಕಡತದಲ್ಲಿ ವರ್ಗಾವಣೆಯಾಗದೆ ಉಳಿಯುವವರು ನೀವೊಬ್ಬರೇ.