ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿಳಿಯುವ ಹಿರಿಯರಲ್ಲಿ ಒಂದು ಪಂಗಡವುಂಟು. ಮಗ ಸೊಸೆ ರಜೆ ಹೊಂದಿಸಿ, ಫ್ಲಾರಿಡಾದ ಆರ್ಲ್ಯಾಂಡೊ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡಿಗೆಂದು ಹೋಟೆಲು, ಸನ್‌ಸ್ಕ್ರೀನು, ಮೊಮ್ಮಗಳಿಗೆ ಮಿಕ್ಕಿ ಕಿವಿಯ ಹೇರ್‌ಬ್ಯಾಂಡು ಎಲ್ಲ ಸಜ್ಜು ಮಾಡಿಕೊಂಡು, ಕೊನೆಗೆ ಟಿಕೆಟ್ ಕೊಳ್ಳಲು ಲ್ಯಾಪ್‌ಟಾಪ್ ಮುಂದೆ ಕೂತಾಗ ಇವರು ಫೋನಿನಲ್ಲಿ ಓದುತ್ತಿದ್ದ ಪೇಪರಿನಿಂದ ತಲೆಯೆತ್ತದೆ ಒಂದು ಮಾತು ಹೇಳುತ್ತಾರೆ: “ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ.” ಇಲ್ಲೇ ಅಂದರೆ ಮನೆಯಲ್ಲಲ್ಲ. ಆರ್ಲ್ಯಾಂಡೊಗೆ ಬರುತ್ತಾರೆ. ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಉಳಿದವರು ತಡ ಮಾಡುತ್ತಿದ್ದಾರೆಂದು ಗೊಣಗುತ್ತಾರೆ ಕೂಡ. ಪಾರ್ಕಿನ ಗೇಟಿನೊಳಗೆ ಮಾತ್ರ ಕಾಲಿಡುವುದಿಲ್ಲ. ಕಾಲಿಗೆ ಮಗ ಕೊಡಿಸಿದ ವಾಕಿಂಗ್ ಷೂ, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಅದರ ಜೇಬಿನಲ್ಲಿ ಪೆನ್ನು, ಕೈಯಲ್ಲೊಂದು ಬಟ್ಟೆ ಚೀಲ. ಚೀಲದೊಳಗೆ ನೀರಿನ ಬಾಟಲಿ, ಬಿ.ಪಿ. ಮಾತ್ರೆ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ. ಇವರನ್ನು ಇಲ್ಲೇ-ಇರ್ತೀನಿ ಮಾವ ಅನ್ನೋಣ. ಇವರಿಗೆ ರಸಿಕತೆ ಸಾಲದು, ಸುಮ್ಮನೆ ಕರೆದುಕೊಂಡು ಬಂದದ್ದು ದಂಡ ಎಂಬುದು ಮನೆಯವರ ಒಟ್ಟಭಿಪ್ರಾಯ. ನನಗೆ ಅದು ಒಪ್ಪಿಗೆಯಿಲ್ಲ. ಡಿಸ್ನಿ ವರ್ಲ್ಡನ್ನು ನೆಟ್ಟಗೆ ನೋಡಿ ಬರುವವರು ಆ ಕಾರಿನಲ್ಲಿ ಯಾರಾದರೂ ಇದ್ದರೆ ಅದು ಮಾವನೇ.

ಮೊದಲು ಅಳತೆ ನೋಡಿ. ಡಿಸ್ನಿ ವರ್ಲ್ಡಿನ ಜಮೀನು ಸುಮಾರು 25,000 ಎಕರೆ. ನಮ್ಮ 240 ಎಕರೆಯ ಲಾಲ್‌ಬಾಗಿನಂಥವು ನೂರು ಹಿಡಿಸುತ್ತವೆ. ಅದರಲ್ಲಿ ಟಿಕೆಟ್ ಕೇಳುವ ದೊಡ್ಡ ಪಾರ್ಕುಗಳು ನಾಲ್ಕು: 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್ಡಮ್, 1982ರ ಎಪ್‌ಕಾಟ್, 1989ರಲ್ಲಿ ಬೇರೆ ಹೆಸರಿನಿಂದ ಶುರುವಾದ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್ಡಮ್. ನಾಲ್ಕನ್ನೂ ಕೂಡಿಸಿದರೆ ಸಾವಿರದ ನೂರು ಎಕರೆಯ ಆಸುಪಾಸು. ಅಂದರೆ ನಾಲ್ಕು ದಿನ ಸುತ್ತಿ, ಕಾಲು ಊದಿಸಿಕೊಂಡು ಬಂದು “ಡಿಸ್ನಿ ಪೂರ್ತಿ ಮುಗಿಸಿದ್ವಿ” ಎನ್ನುವವರು ನೋಡಿದ್ದು ನೂರಕ್ಕೆ ಐದು ಪಾಲೂ ಇಲ್ಲ. ಉಳಿದ ತೊಂಬತ್ತೈದು ಚಿಲ್ಲರೆ ಮಾವನ ಪಾಲಿನದು. ಆ ಜಮೀನು ಕೈಗೆ ಬಂದ ಕಥೆಯಂತೂ ಅವರಿಗೆ ಯಾವ ರೈಡಿಗಿಂತಲೂ ಮೈ ಜುಮ್ಮೆನ್ನಿಸುವಂಥದ್ದು. 1960ರ ದಶಕದ ನಡುವಿನಲ್ಲಿ ಡಿಸ್ನಿ ಕಂಪನಿ ತನ್ನ ಹೆಸರು ಎಲ್ಲೂ ಬಾರದಂತೆ ಹಲವು ಬೇನಾಮಿ ಕಂಪನಿಗಳ ಮೂಲಕ ಜೌಗು ನೆಲ, ದನ ಮೇಯುವ ಬಯಲು ಎಲ್ಲವನ್ನೂ ಎಕರೆಗೆ ಸರಾಸರಿ ಇನ್ನೂರು ಡಾಲರಿಗೂ ಕಡಿಮೆ ದರದಲ್ಲಿ ಕೊಂಡಿತು. 1965ರ ಅಕ್ಟೋಬರಿನಲ್ಲಿ ಆರ್ಲ್ಯಾಂಡೊದ ಪತ್ರಿಕೆ ಗುಟ್ಟು ಒಡೆಯಿತು, ಸುತ್ತಲಿನ ಬೆಲೆ ಹಾರಿಹೋಯಿತು. ಲೇಔಟು, ಕನ್ವರ್ಷನ್, ಎ ಖಾತೆ, ಬಿ ಖಾತೆ ಎಂದು ಅರ್ಧ ಆಯುಷ್ಯ ಸವೆಸಿದ ಬೆಂಗಳೂರಿನ ಮನುಷ್ಯನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. “ಆಗ್ಲೇ ಪಕ್ಕದಲ್ಲಿ ಎರಡೆಕರೆ ಹಾಕ್ಬಿಟ್ಟಿದ್ದಿದ್ರೆ!” ಎಂದು ಅವರು ಉಸಿರು ಬಿಡುವಾಗ ಅದರಲ್ಲಿರುವ ಭಾವತೀವ್ರತೆ ರೋಲರ್ ಕೋಸ್ಟರಿನಲ್ಲಿ ಕಿರುಚುವವರಲ್ಲೂ ಇರುವುದಿಲ್ಲ.

ಅಷ್ಟೊಂದು ಜಾಗ ಯಾಕೆ ಬೇಕಿತ್ತು ಎಂಬಲ್ಲಿಯೇ ನನ್ನ ವಾದದ ಗಂಟಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ವಾಲ್ಟ್ ಡಿಸ್ನಿ ಕಟ್ಟಿದ ಡಿಸ್ನಿಲ್ಯಾಂಡಿಗಿದ್ದದ್ದು 160 ಎಕರೆ. ಪಾರ್ಕು ಕುದುರಿದ್ದೇ ತಡ, ಬೇಲಿಯಾಚೆ ಕಂಡವರೆಲ್ಲ ಮೋಟೆಲು, ಅಂಗಡಿ ತೆರೆದು ಕೂತರು. ಜನರನ್ನು ಕರೆತಂದವನು ಇವನು, ಗಲ್ಲಾಪೆಟ್ಟಿಗೆ ತುಂಬಿದ್ದು ಅವರದು. ಹೊರಗಿನ ಜಾಗವೂ ತನ್ನದೇ ಆಗಿರಬೇಕೆಂಬ ಪಾಠ ಕಲಿತೇ ಆತ ಫ್ಲಾರಿಡಾಗೆ ಬಂದದ್ದು. 1966ರಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮೊದಲು, ಆತ ಚಿತ್ರೀಕರಿಸಿದ ಯೋಜನೆಯ ಫಿಲ್ಮಿನಲ್ಲಿ ಪಾರ್ಕಿಗೆ ಒಂದು ಮೂಲೆ ಅಷ್ಟೆ. ನಡುಮನೆಯ ಜಾಗ ಎಪ್‌ಕಾಟ್ ಎಂಬ ನಿಜವಾದ ನಗರಕ್ಕೆ. ಇಪ್ಪತ್ತು ಸಾವಿರ ಜನ ವಾಸ ಮಾಡಬೇಕಿದ್ದ, ಮೋನೊರೈಲು ಓಡಾಡುವ, ವಾಹನಗಳು ನೆಲದಡಿಯಲ್ಲಿ ಹೋಗುವ ಊರು. ಆತ ತೀರಿಕೊಂಡ ಮೇಲೆ ಅಣ್ಣ ರಾಯ್ ಪಾರ್ಕನ್ನು ಕಟ್ಟಿ ಮುಗಿಸಿದರು. ಊರು ಕಾಗದದಲ್ಲೇ ಉಳಿದು ಹೆಸರು ಮಾತ್ರ ಇನ್ನೊಂದು ಪಾರ್ಕಿಗೆ ಹೋಯಿತು. ಆದರೆ ಊರಿಗೆಂದು ಮಾಡಿಕೊಂಡ ಏರ್ಪಾಡು ಎಲ್ಲಿ ಹೋಗುತ್ತದೆ? 1967ರಲ್ಲಿ ಫ್ಲಾರಿಡಾ ಸರ್ಕಾರ ಈ ಜಮೀನಿಗೊಂದು ಪ್ರತ್ಯೇಕ ಆಡಳಿತ ಮಂಡಳಿಯನ್ನೇ ಕೊಟ್ಟಿತು. ರಸ್ತೆ, ಚರಂಡಿ, ಅಗ್ನಿಶಾಮಕ ದಳ, ಕಟ್ಟಡದ ನಿಯಮ ಎಲ್ಲ ಅದರ ಕೈಯಲ್ಲಿ. ಬೇಕಾದರೆ ಅಣುವಿದ್ಯುತ್ ಸ್ಥಾವರವನ್ನೂ ಕಟ್ಟಿಕೊಳ್ಳುವ ಅಧಿಕಾರ. ಆ ಮಂಡಳಿಯ ಮೇಲಿನ ಕಂಪನಿಯ ಹಿಡಿತವನ್ನು ಸರ್ಕಾರ ಸಡಿಲಿಸಿದ್ದು 2023ರಲ್ಲಿ. ಅಲ್ಲಿಯವರೆಗೆ ಪ್ಲಾನ್ ಕೊಡುವವನೂ ತಾನೇ, ಅದನ್ನು ಸ್ಯಾಂಕ್ಷನ್ ಮಾಡುವವನೂ ತಾನೇ! ಪಿ.ಡಬ್ಲ್ಯು.ಡಿ.ಯಲ್ಲಿ ಮೂವತ್ತು ವರ್ಷ ಫೈಲು ತಳ್ಳಿ ನಿವೃತ್ತರಾದ ಮಾವನಿಗೆ ಇದಕ್ಕಿಂತ ದೊಡ್ಡ ಫ್ಯಾಂಟಸಿ ಯಾವ ಪಾರ್ಕಿನೊಳಗಿದೆ ಹೇಳಿ.

ಈಗ ಅವರ ದಿನಚರಿ. ಮಗ ಕಾರನ್ನು ದೊಡ್ಡ ಮೈದಾನದಲ್ಲಿ ನಿಲ್ಲಿಸಿದ ಮೇಲೆ ಉಳಿದವರೆಲ್ಲ ಮ್ಯಾಜಿಕ್ ಕಿಂಗ್ಡಮ್ಮಿಗೆ ನೇರ ಹೋಗುವ ಮೋನೊರೈಲಿನ ಸಾಲಿಗೆ ಓಡುತ್ತಾರೆ. ಮಾವ ನಿಧಾನವಾಗಿ ಇನ್ನೊಂದು ಮೋನೊರೈಲು ಹತ್ತುತ್ತಾರೆ, ಹೋಟೆಲುಗಳನ್ನು ಮುಟ್ಟಿಕೊಂಡು ಸುತ್ತುವಂಥದ್ದು. ಇದಕ್ಕೆ ಟಿಕೆಟಿಲ್ಲ. ಪಾಲಿನೇಷಿಯನ್ ಹೋಟೆಲು ಬರುತ್ತದೆ, ಗ್ರ್ಯಾಂಡ್ ಫ್ಲಾರಿಡಿಯನ್ ಬರುತ್ತದೆ, ಆಮೇಲೆ ಮ್ಯಾಜಿಕ್ ಕಿಂಗ್ಡಮ್ಮೇ ಬರುತ್ತದೆ. ಡಬ್ಬಿಯಲ್ಲಿದ್ದವರೆಲ್ಲ ಎದ್ದು ನುಗ್ಗಿ ಇಳಿಯುತ್ತಾರೆ. ಮಾವ ಖಾಲಿಯಾದ ಕಿಟಕಿ ಪಕ್ಕದ ಸೀಟಿಗೆ ಸರಿದು ಕೂರುತ್ತಾರೆ. ಮುಂದಿನ ನಿಲ್ದಾಣ ಕಾಂಟೆಂಪೊರರಿ ಎಂಬ ಹೋಟೆಲಿನ ಹೊಟ್ಟೆಯೊಳಗೇ ಇದೆ; ರೈಲು ಕಟ್ಟಡವನ್ನು ತೂರಿಕೊಂಡು ಹೋಗುತ್ತದೆ. 1971ರಲ್ಲಿ ಈ ಹೋಟೆಲು ಕಟ್ಟಿದಾಗ ಕೋಣೆಗಳನ್ನು ಬೇರೆ ಕಡೆ ಪೂರ್ತಿ ತಯಾರು ಮಾಡಿ, ಕ್ರೇನಿನಿಂದ ಎತ್ತಿ ಉಕ್ಕಿನ ಚೌಕಟ್ಟಿನೊಳಗೆ ತಳ್ಳಿದ್ದರು. ಒಳಗೆ ಕಲಾವಿದೆ ಮೇರಿ ಬ್ಲೇರ್ ರೂಪಿಸಿದ ತೊಂಬತ್ತು ಅಡಿ ಎತ್ತರದ ಟೈಲ್ಸ್ ಭಿತ್ತಿಚಿತ್ರ, ಅದರಲ್ಲಿ ಮೋನೊರೈಲಿನ ಕಡೆಗೆ ಒಂದು ಆಡು. ಆ ಆಡಿಗೆ ಐದು ಕಾಲು. ಊನವಿಲ್ಲದ್ದು ಯಾವುದೂ ಇಲ್ಲವೆಂದು ಕಲಾವಿದೆ ಬೇಕೆಂದೇ ಹಾಗೆ ಮಾಡಿದರಂತೆ. ಮಾವ ಇದನ್ನು ನಂಬುವುದಿಲ್ಲ. ಜೇಬಿನಿಂದ ಪೆನ್ನು ತೆಗೆದು, ದೂರದಿಂದಲೇ ಒಂದೊಂದು ಕಾಲಿಗೂ ಗುರಿಯಿಟ್ಟು ಎಣಿಸುತ್ತಾರೆ. ಬಾಲವನ್ನು ಕಾಲೆಂದು ಲೆಕ್ಕ ಹಿಡಿದಿರಬಹುದೆಂದು ಇನ್ನೊಂದು ಮೂಲೆಗೆ ಹೋಗಿ ಮತ್ತೆ ಎಣಿಸುತ್ತಾರೆ. ಐದೇ. “ಕಂಟ್ರಾಕ್ಟರ್ ತಪ್ಪು, ಆಮೇಲೆ ಕಥೆ ಕಟ್ಟಿದ್ದಾರೆ” ಎಂಬುದು ಇಲಾಖೆಯ ಅನುಭವದಿಂದ ಅವರು ಬರೆದುಕೊಳ್ಳುವ ಷರಾ. ನಾನು ಆ ಷರಾವನ್ನು ಒಪ್ಪುವುದಿಲ್ಲ, ಆದರೆ ಆ ಚಿತ್ರದ ಮುಂದೆ ಅರ್ಧ ಗಂಟೆ ನಿಂತ ನೋಡುಗ ಬೇರೆ ಯಾರು?

ಎದುರಿಗಿರುವ ಸೆವೆನ್ ಸೀಸ್ ಸರೋವರವೂ ಅವರ ವಿಷಯವೇ. ಪಕ್ಕದ ಬೇ ಲೇಕ್ ತಾನಾಗಿ ಇದ್ದದ್ದು, ಇದು ಅಗೆದದ್ದು. ಅಗೆದ ಮಣ್ಣನ್ನು ತುಂಬಿಯೇ ಮ್ಯಾಜಿಕ್ ಕಿಂಗ್ಡಮ್ಮನ್ನು ಎತ್ತರಿಸಿದರು, ಯಾಕೆಂದರೆ ಕೆಲಸಗಾರರ ಓಡಾಟಕ್ಕೆ ಬೇಕಾದ ಸುರಂಗಗಳನ್ನು ಈ ಜೌಗಿನಲ್ಲಿ ನೆಲದ ಕೆಳಗೆ ಕೊರೆಯುವಂತಿರಲಿಲ್ಲ. ನೆಲದ ಮಟ್ಟದಲ್ಲೇ ಕಟ್ಟಿ ಮೇಲೆ ಪಾರ್ಕು ಕೂರಿಸಿದರು. ಒಳಗೆ ಕೋಟೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿರುವ ಸೊಸೆಗೆ ತಾನು ನಿಂತಿರುವುದು ಒಂದನೇ ಮಹಡಿಯಲ್ಲೆಂದು ಗೊತ್ತಿಲ್ಲ. ಆಚೆ ದಡದಲ್ಲಿ ಕೂತು ಏರಿಯನ್ನು ಕಣ್ಣಳತೆ ಮಾಡುತ್ತಿರುವ ಮಾವನಿಗೆ ಗೊತ್ತು. ಬಸ್ಸಿನ ಕಿಟಕಿಯಿಂದ ಕಾಣುವ ಕಾಲುವೆಗಳ ಬಗ್ಗೆ ಅವರು ಇನ್ನೂ ಹೆಚ್ಚು ಹೇಳಬಲ್ಲರು: ನಲವತ್ತು ಮೈಲಿಗೂ ಮಿಕ್ಕಿದ ಕಾಲುವೆ ಜಾಲ, ಕೃತಕವೆಂದು ಕಾಣಬಾರದೆಂದು ಬೇಕೆಂದೇ ಕೊಟ್ಟ ಬಳುಕು, ನೀರು ಏರಿದಂತೆ ಯಾರೂ ಮುಟ್ಟದೆ ತೆರೆದುಕೊಂಡು ಇಳಿದಂತೆ ಮುಚ್ಚಿಕೊಳ್ಳುವ ತೂಬುಗಳು. ಮಧ್ಯಾಹ್ನ ಅನಿಮಲ್ ಕಿಂಗ್ಡಮ್ ಲಾಡ್ಜ್ ಎಂಬ ಹೋಟೆಲಿಗೆ ಹೋದರೆ ಕಟಕಟೆಗೆ ಒರಗಿ ಜಿರಾಫೆ, ಜೀಬ್ರಾ ನೋಡಬಹುದು. ಅಲ್ಲಿಯ ಸನಾ ಎಂಬ ರೆಸ್ಟೋರೆಂಟಿನಲ್ಲಿ ಆಫ್ರಿಕಾದ ಅಡುಗೆಗೆ ಭಾರತದ ಒಗ್ಗರಣೆ: ನಾನ್ ಜೊತೆಗೆ ಸಾಲಾಗಿ ಪುಟ್ಟ ಬಟ್ಟಲುಗಳಲ್ಲಿ ಚಟ್ನಿ, ಉಪ್ಪಿನಕಾಯಿ, ರಾಯತ. ಡಾಲರನ್ನು ರೂಪಾಯಿಗೆ ಗುಣಿಸಿ ಒಮ್ಮೆ ಬೆಚ್ಚಿದರೂ ಮಾವ ಬಟ್ಟಲು ಒಂದನ್ನೂ ಬಿಡುವುದಿಲ್ಲ. ಕಿಟಕಿಯಾಚೆ ಜಿರಾಫೆ, ಕಿಟಕಿಯೀಚೆ ಉಪ್ಪಿನಕಾಯಿ.

ಇಷ್ಟು ಹೊತ್ತಿಗೆ ಒಳಗೆ ಹೋದವರ ಗತಿ ಏನಾಗಿದೆ? ಬಿಸಿಲು, ಬೇಸಿಗೆಯ ಮಧ್ಯಾಹ್ನ ಗುಡುಗಿಕೊಂಡು ಬರುವ ಮಳೆ, ಫೋನಿನ ಆ್ಯಪಿನಲ್ಲಿ ಬದಲಾಗುತ್ತಲೇ ಇರುವ ಕಾಯುವ ನಿಮಿಷಗಳು. ಕ್ಯೂ ತಪ್ಪಿಸುವ ಸೌಲಭ್ಯ 1999ರಿಂದ ಪುಕ್ಕಟೆ ಸಿಗುತ್ತಿತ್ತು. 2021ರಿಂದ ಅದಕ್ಕೂ ದುಡ್ಡು. ಮಾವ ಎಲ್ಲ ಕ್ಯೂಗಳನ್ನೂ ಪುಕ್ಕಟೆಯಾಗಿ ತಪ್ಪಿಸಿಕೊಂಡಿದ್ದಾರೆ. ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಕೆರೆ ನೋಡಿಕೊಂಡು ಬೆಂಚಿನ ಮೇಲೆ ಕೂರುವುದಕ್ಕೆ ಆರ್ಲ್ಯಾಂಡೊವರೆಗೆ ಬರಬೇಕಿತ್ತೇ, ಮಗನ ಊರಿನಲ್ಲೇ ಕೆರೆಯಿರಲಿಲ್ಲವೇ? ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಮಂಟಪದ ಹತ್ತಿರವೂ ಸುಳಿಯದೆ, ಹೊರಗಿನ ಚಪ್ಪರದಲ್ಲಿ ಕುರ್ಚಿ ಎಳೆದುಕೊಂಡು ಬಂದವರು ಹೋದವರನ್ನು ವಿಚಾರಿಸುತ್ತ ಕೂತು, ಮೊದಲ ಪಂಕ್ತಿಗೆ ಸರಿಯಾಗಿ ಏಳುವವರನ್ನು ಕೇಳಿ ನೋಡಿ. ಆ ಚಪ್ಪರದ ಸುಖ ಮನೆಯ ಅಂಗಳದಲ್ಲಿ ಸಿಗುವುದಿಲ್ಲ. ಒಳಗೆ ಓಲಗ ಊದುತ್ತಿರಲೇಬೇಕು. ಹಾಗೆಯೇ ದೂರದಲ್ಲಿ ಯಾರೋ ಕಿರುಚುತ್ತಿದ್ದರೇನೇ ಮಾವನ ಬೆಂಚಿಗೆ ಬೆಲೆ. ರಾತ್ರಿ ಪಾರ್ಕಿನ ಪಟಾಕಿಯನ್ನು ಪಾಲಿನೇಷಿಯನ್ ಹೋಟೆಲಿನ ಮರಳದಂಡೆಯಿಂದ ನೋಡುವಾಗ ಅವರು ಒಳಗಿನವರಿಗೆ ಋಣಿಗಳೇ. ಇದನ್ನು ಒಪ್ಪಿಕೊಳ್ಳಬೇಕು.

ಹಾಗಾದರೆ ಇದು ಪರರ ಖರ್ಚಿನಲ್ಲಿ ಬಿಟ್ಟಿ ಸುಖವಲ್ಲವೇ ಎಂದರೆ, ಅಲ್ಲ. ಹೋಟೆಲು, ಅಂಗಡಿ, ಊಟ ಎಲ್ಲವನ್ನೂ ತಾನೇ ಕಟ್ಟಿಕೊಂಡ ಕಂಪನಿ ಗೇಟಿನಾಚೆ ಅಡ್ಡಾಡುವವನನ್ನು ಗಿರಾಕಿ ಎಂದೇ ಎಣಿಸುತ್ತದೆ. ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಬೀದಿಗೆ ಪ್ರವೇಶವೂ ಪುಕ್ಕಟೆ, ಪಾರ್ಕಿಂಗೂ ಪುಕ್ಕಟೆ. ಆ ಔದಾರ್ಯ ಯಾಕೆಂದು ಫ್ರಿಜ್ಜಿಗೆ ಅಂಟಿಸುವ ಮಿಕ್ಕಿಗಳನ್ನು ಹನುಮಂತನಗರದ ಅಷ್ಟೂ ನೆಂಟರ ಲೆಕ್ಕದಲ್ಲಿ ಕೊಂಡು ಹೊರಬರುವ ಮಾವನಿಗೆ ಗೊತ್ತಾಗುತ್ತದೆ. ಹಬ್ಬದ ಜನಜಂಗುಳಿಯಲ್ಲಿ ಹೋಟೆಲಿನ ಗೇಟಿನವರು ಊಟದ ರಿಸರ್ವೇಷನ್ ಕೇಳಿ ಕಾರುಗಳನ್ನು ವಾಪಸು ಕಳಿಸುವುದುಂಟು. ಅಂಥ ದಿನ ಅವರು ಮೋನೊರೈಲಿನಲ್ಲೇ ಎರಡು ಸುತ್ತು ಹೆಚ್ಚು ಹಾಕುತ್ತಾರೆ. ನಿಜವಾಗಿ ಕಷ್ಟ ಕೊಡುವ ಆಕ್ಷೇಪ ಅತ್ತೆಯವರದು. ಅವರದೂ ಅದೇ ವಯಸ್ಸು, ಮಂಡಿನೋವು ಒಂದು ಕೈ ಹೆಚ್ಚೇ. ಆದರೂ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು ಹಾಕಿಕೊಂಡು ಒಳಗೆ ಹೋಗಿ, ದೋಣಿ ಎಂದುಕೊಂಡು ತಪ್ಪಿ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಹತ್ತಿ, ಇಳಿದ ಮೇಲೆ “ಇನ್ನೊಂದ್ಸಲ ಹೋಗೋಣ್ವೇನೋ?” ಎಂದು ಮಗನನ್ನು ಕೇಳುತ್ತಾರೆ. ಆ ಮುಖದ ಕಳೆಯ ಮುಂದೆ ನನ್ನ ಎಕರೆ ಲೆಕ್ಕ ನಿಲ್ಲುವುದಿಲ್ಲ. ಐದು ಪಾಲಿನಲ್ಲೂ ಏನೋ ಇದೆ, ಇರಲಿ. ನಾನು ಹೇಳುತ್ತಿರುವುದು ಉಳಿದ ಪಾಲೂ ಖಾಲಿಯಲ್ಲ ಎಂದಷ್ಟೇ.

ಇನ್ನುಳಿದದ್ದು ಜಿಪುಣತನದ ಆರೋಪ. ಒಂದು ದಿನದ ಟಿಕೆಟ್ ನೂರು ಡಾಲರು ದಾಟುತ್ತದೆ, ಕ್ರಿಸ್‌ಮಸ್ ಸಮಯದಲ್ಲಿ ಇನ್ನೂರರ ಆಸುಪಾಸಿಗೆ ಹೋಗುತ್ತದೆ. 1971ರಲ್ಲಿ ಬಾಗಿಲು ದಾಟಲು ಮೂರೂವರೆ ಡಾಲರು ಸಾಕಿತ್ತು ಎಂಬುದನ್ನು ಮಾವ ಎಲ್ಲೋ ಓದಿ ಎಲ್ಲರಿಗೂ ಹೇಳಿಯಾಗಿದೆ. ಅವರ ಖರ್ಚಿನ ಚೀಟಿಗಳನ್ನು ಕೂಡಿಸಿದರೆ, ಸನಾದ ಬಟ್ಟಲುಗಳು ಮತ್ತು ನೆಂಟರ ಮಿಕ್ಕಿಗಳು ಸೇರಿ, ಟಿಕೆಟ್ಟಿನ ಬೆಲೆ ಆರಾಮವಾಗಿ ದಾಟುತ್ತದೆ. ಹಾಗಾಗಿ ಇದು ಶುದ್ಧ ಜಿಪುಣತನವಲ್ಲ ಎಂದೇ ನನ್ನ ತೀರ್ಮಾನ. ಆದರೆ ನಾಲ್ಕನೆಯ ದಿನ ಬೆಳಿಗ್ಗೆ ಆಗುವುದನ್ನು ಮುಚ್ಚಿಡುವಂತಿಲ್ಲ. ಸೊಸೆಗೆ ಕಾಲು ಎತ್ತಿಡಲಾಗುತ್ತಿಲ್ಲ, ಮೊಮ್ಮಗಳಿಗೆ ಹೋಟೆಲಿನ ಈಜುಕೊಳವೇ ಸಾಕು, ಮಗ ಹಾಸಿಗೆಯಿಂದಲೇ “ಇವತ್ತಿನ ಟಿಕೆಟ್ ಹೋದ್ರೆ ಹೋಗ್ಲಿ” ಎನ್ನುತ್ತಾನೆ. ಅಲ್ಲಿಯವರೆಗೆ ಷೂ ಲೇಸು ಕಟ್ಟುತ್ತಿದ್ದ ಮಾವ ತಲೆಯೆತ್ತುತ್ತಾರೆ.

“ಹೋಗ್ಲಿ ಅಂದ್ರೆ? ದುಡ್ಡು ಕೊಟ್ಟಾಗಿದೆಯಲ್ಲಪ್ಪ. ಅದರಲ್ಲಿ ನಾನು ಹೋಗಿ ಬರಬಹುದಾ?”

ಆಗುವುದಿಲ್ಲ. ಡಿಸ್ನಿಯ ಟಿಕೆಟ್ ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ. ಗೇಟಿನಲ್ಲಿ ಬೆರಳು ಒತ್ತಿಸಿಕೊಂಡು ನೋಡುತ್ತಾರೆ.